ತಿಂಗಳಿಗೆ ಒಂದು ಇಂಚು

೧೦-೮-೧೯೫೯, ಸೋಮವಾರ

ಬೆಳಿಗ್ಗೆ ಬೋಳಾರದಲ್ಲಿ ಒಂದು ಹೆರಿಗೆ. ಹೆಣ್ಣು, ಆರು ಪೌಂಡು. ಹೊಲಿಗೆ ಬೇಕಾಗಲಿಲ್ಲ. ಬರುವಾಗ ಚಪ್ಪಲಿಯ ಬಾರು ಕಿತ್ತುಹೋಯಿತು. ಮುನಿಸಿಪಾಲಿಟಿಯವರು ಮಿಡ್‌ವೈಫಿಗೆ ಬ್ಯಾಗು ಕೊಡುತ್ತಾರೆ, ಬಿಳಿ ಸೀರೆ ಕೊಡುತ್ತಾರೆ, ಚಪ್ಪಲಿ ಕೊಡುವುದಿಲ್ಲ. ನಡೆಯುವುದು ಸೀರೆ ಎಂದು ತಿಳಿದಿದ್ದಾರೋ ಏನೋ.

ಸಂಜೆ ಕುದ್ರೋಳಿಗೆ ಹೋಗಿ ಹಬೀಬಾಳನ್ನು ನೋಡಿದೆ. ಚೊಚ್ಚಲು. ದಿನ ತುಂಬಿ ಆರು ದಿನ ಆಯಿತು. ಮಗು ದೊಡ್ಡದಿದೆ. ಅವಳ ಗಂಡ ಅಯ್ಯೂಬ್ — ಬಂದರಿನಲ್ಲಿ ಒಣಮೀನಿನ ವ್ಯಾಪಾರ — ಬಾಗಿಲವರೆಗೆ ಬಂದು ಕೇಳಿದ.

"ಹೇಮಕ್ಕ, ಆಸ್ಪತ್ರೆಗೆ ಕರ್ಕೊಂಡು ಹೋಗುವುದಾ? ಕಾರಿಗೆ ಹೇಳಿಡ್ತೇನೆ."

"ನಿನ್ನ ತಮ್ಮಂದಿರು ಮೂವರನ್ನು ಹೆರಿಸಿದ್ದು ಯಾರು ಮಾರಾಯ? ಕಾರಾ?"

ಇಪ್ಪತ್ತೇಳು ವರ್ಷದ ಸರ್ವಿಸು. ಈ ಬೆರಳಿಗೆ ಕಣ್ಣುಂಟು ಎಂದು ಊರೇ ಹೇಳುತ್ತದೆ. ನಿನ್ನೆ ಮೊನ್ನೆಯ ಹುಡುಗನಿಗೆ ಕಾರು ಬೇಕಂತೆ.

೧೩-೮-೫೯, ಮಧ್ಯಾಹ್ನ ಎರಡು ಗಂಟೆ

ಗಂಡು. ಒಂಬತ್ತೂಕಾಲು ಪೌಂಡು. ಜೀವ ಇದೆ.

ಇಲ್ಲಿ ಮಾತ್ರ ಬರೆಯುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ಹನ್ನೊಂದಕ್ಕೆ ತಲೆ ಬಂತು. ಅಷ್ಟೆ. ಹೆಗಲು ಸಿಕ್ಕಿಬಿತ್ತು. ಮಗುವಿನ ಮುಖ ನೀಲಿಯಾಗುತ್ತ ಬಂತು. ಬೆಳಿಗ್ಗೆ ಏಳಕ್ಕೇ ಅಯ್ಯೂಬ್ ಇನ್ನೊಮ್ಮೆ ಕೇಳಿದ್ದ, ಕಾರು ತರಿಸುತ್ತೇನೆ ಎಂದು. ಬೇಡ ಎಂದವಳು ನಾನು. ಈಗ ಹೊತ್ತಿರಲಿಲ್ಲ. ತಲೆ ಹಿಡಿದು ಬಲಕ್ಕೆ ಬಗ್ಗಿಸಿ ಎಳೆದೆ. ಬರಲಿಲ್ಲ. ಇನ್ನೂ ಎಳೆದೆ. ನನ್ನ ಬಲಗೈಗೆ ಗೊತ್ತಾಯಿತು — ಒಳಗೆ ಏನೋ ಬಿಟ್ಟುಕೊಂಡಿತು, ಹೊಲಿಗೆ ಬಿಚ್ಚಿದ ಹಾಗೆ.

ಅತ್ತಿತು. ಬಲಗೈ ಆಡಿಸಿತು. ಎಡಗೈ ಇಲ್ಲ. ಎತ್ತಿ ಬಿಟ್ಟರೆ ಬಿತ್ತು. ಆ ಕೈಯನ್ನು ಒಳಗಿಟ್ಟು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊರಗೆ ಕೊಟ್ಟೆ. ಅಯ್ಯೂಬ್ ಅದರ ಕಿವಿಯಲ್ಲಿ ಬಾಂಗ್ ಹೇಳುವಾಗ ಅವನ ಕಣ್ಣಲ್ಲಿ ನೀರು.

ಎಳೆ ಮೈ. ಹೊಸ ನರ. ಎಳೆಯದಕ್ಕೆ ಬೇಗ ವಾಸಿ ಎಂದು ಟ್ರೈನಿಂಗಿನಲ್ಲೂ ಕಲಿತದ್ದೇ. ಎರಡು ವಾರದಲ್ಲಿ ಆಡುತ್ತದೆ. ಗುಣವಾಗುವುದನ್ನು ಈಗಲೇ ಹೇಳಿ ಅವರನ್ನು ಹೆದರಿಸುವುದು ಯಾಕೆ?

೧೬-೮-೫೯

ಮೂರು ದಿನ ನಾನೇ ಹೋಗಿ ಹೊಕ್ಕುಳು ತೊಳೆದು, ನಾನೇ ಸುತ್ತಿ ಬಂದೆ. ಬಿಚ್ಚಬೇಡಿ, ಥಂಡಿ ಎಂದೆ. ಇವತ್ತು ಎಣ್ಣೆ ನೀರಿನ ಸ್ನಾನ.

ಅಲೀಮಮ್ಮ ಬಂದಿದ್ದಳು. ಕುದ್ರೋಳಿಯ ಮಕ್ಕಳನ್ನೆಲ್ಲ ನಲವತ್ತು ದಿನ ಮೀಯಿಸುವವಳು. ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಎರಡೂ ಕೈ ಹಿಡಿದು ಎದೆಯ ಮೇಲೆ ಅಡ್ಡ ಎಳೆಯುವುದು ಪದ್ಧತಿ. ಬಟ್ಟೆ ಬಿಚ್ಚಿದಳು. ಎಡಗೈ ಮುಟ್ಟಿದಳು. ಅವಳ ಕೈ ಅಲ್ಲೇ ನಿಂತಿತು.

"ಇದೆಂತ, ಈ ಕೈಗೆ ಜೀವವೇ ಇಲ್ಲ?"

ಅಯ್ಯೂಬನ ತಾಯಿ ಖತೀಜಮ್ಮ ಓಡಿ ಬಂದಳು. "ಎಳೆದು ಮುರಿದೆಯಾ? ಎಂತ ಮಾಡಿದೆ ನನ್ನ ಮೋನುವಿಗೆ?"

"ಅಲ್ಲಾಹನಾಣೆ, ನಾನು ಮುಟ್ಟಿದ್ದೇ ಈಗ. ನರ್ಸಮ್ಮ, ನೀವು ಹೇಳಿ. ಹುಟ್ಟುವಾಗ ಹೇಗಿತ್ತು?"

ಎಲ್ಲರೂ ನನ್ನ ಮುಖ ನೋಡಿದರು.

"ಹುಟ್ಟುವಾಗ ಸರಿ ಇತ್ತು" ಎಂದೆ.

ಮೂರೇ ಶಬ್ದ. ಅಲೀಮಮ್ಮ ಮಗುವನ್ನು ಖತೀಜಮ್ಮನಿಗೆ ಕೊಟ್ಟು ಎದ್ದು ಹೋದಳು. ಅವಳ ಎಣ್ಣೆಯ ಬಟ್ಟಲು ಅಲ್ಲೇ ಉಳಿಯಿತು.

೨೩-೮-೫೯

ಆಡಲಿಲ್ಲ. ಮೊಲೆ ಕುಡಿಯುವಾಗ ಬಲಗೈ ತಾಯಿಯನ್ನು ಹಿಡಿಯುತ್ತದೆ. ಎಡಗೈ ಪಕ್ಕಕ್ಕೆ ಬಿದ್ದಿರುತ್ತದೆ.

"ಸರಿ ಆಗ್ತದಾ ಹೇಮಕ್ಕ?" — ಹಬೀಬಾ.

"ಆಗದೆ ಎಂತ? ಹತ್ತು ದಿನದ ಮಗು. ಮುದುಕರ ಕೈಯಾ ಇದು?"

ನಂಬಿದಳು. ನಾನೂ ನಂಬಿದ್ದೇನೆ. ಇವತ್ತು ಹೇಳಿದ್ದು ಸುಳ್ಳಲ್ಲ. ಹೋದ ವಾರದ್ದು ಸುಳ್ಳು.

೨೨-೯-೫೯

ನಲವತ್ತು ಕಳೆಯಿತು. ಸಮದ್ ಎಂದು ಕರೆಯುತ್ತಾರೆ. ಚಂದದ ಹುಡುಗ, ಬೆಳ್ಳಗೆ, ನಗುತ್ತಾನೆ. ನನ್ನ ಕೈಗೆ ಕೊಟ್ಟರು, ನೀವು ಉಳಿಸಿಕೊಟ್ಟ ಮಗು ಎಂದರು. ಕೂಡಲೇ ತಾಯಿಯ ಕೈಗೆ ತಿರುಗಿ ಕೊಟ್ಟೆ.

ಬರುವಾಗ ದಾರಿಯಲ್ಲಿ ಅಲೀಮಮ್ಮ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ನನ್ನ ಬಟ್ಟಲು ಆ ಮನೆಯಲ್ಲುಂಟು. ಮುಂದೆ ಹೋಗುವಾಗ ತಂದು ಕೊಡ್ತೀರಾ ನರ್ಸಮ್ಮ? ನಾನು ಆ ಮೆಟ್ಟಿಲು ಹತ್ತುವ ಹಾಗಿಲ್ಲ." ಈಗ ಯಾವ ಮನೆಯವರೂ ಅವಳನ್ನು ಮೀಯಿಸಲು ಕರೆಯುವುದಿಲ್ಲವಂತೆ. ಬೀಡಿ ಕಟ್ಟುತ್ತಾಳೆ.

ತೀರ್ಮಾನ ಮಾಡಿದ್ದೇನೆ. ಸಮದನ ಕೈ ಆಡಿದ ದಿನ ಎಲ್ಲ ಹೇಳಿಬಿಡುತ್ತೇನೆ. ಆಡುವ ಕೈ ನೋಡಿದ ಮೇಲೆ ಯಾರಿಗೂ ಸಿಟ್ಟು ಉಳಿಯುವುದಿಲ್ಲ. ಅಲೀಮಮ್ಮನ ಹೆಸರೂ ತೊಳೆದುಹೋಗುತ್ತದೆ. ಸ್ವಲ್ಪ ದಿನದ ಮಾತು.

ತಿರುಗಿ ಹೋಗಿ ಬಟ್ಟಲು ಕೇಳಲು ಧೈರ್ಯ ಬರಲಿಲ್ಲ.

೭-೧೧-೫೯

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಅಕ್ಷರ.

ಹತ್ತು ದಿನದ ಹಿಂದೆ ಬೋಳಾರದಲ್ಲಿ ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿದೆ. ಕೈಯಲ್ಲಿ ಲೈಸಾಲ್ ಬಾಟ್ಲಿ. ಒಡೆದ ಗಾಜಿನ ಮೇಲೆ ಬಲಗೈ ಊರಿದೆ. ಮಣಿಕಟ್ಟು ಸೀಳಿತು. ಒಳಗೆ ನರ ತುಂಡು. ಆಸ್ಪತ್ರೆಯಲ್ಲಿ ಹೊಲಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು — ಮೂರೂ ಸತ್ತಿವೆ. ಚಿವುಟಿದರೆ ಬೇರೆ ಯಾರದ್ದೋ ಬೆರಳು.

ನಮ್ಮ ಯಜಮಾನರು ಹಂಪನಕಟ್ಟೆಯ ತಮ್ಮ ಟೈಲರ್ ಅಂಗಡಿ ಮುಚ್ಚಿ ನನ್ನ ಬಳಿಯೇ ಕೂತಿದ್ದರು. ಪಟ್ಟಿ ಬಿಚ್ಚಿದಾಗ ಇವರ ಬಾಯಿ ಸುಮ್ಮನಿರಬೇಕಲ್ಲ. "ಯಾರ ಹೊಲಿಗೆ ಇದು? ನನ್ನ ಅಂಗಡಿಯಲ್ಲಿ ಕಾಜಾ ಹಾಕುವವನೂ ಇದಕ್ಕಿಂತ ಚಂದ ಹಾಕ್ತಾನೆ."

"ನನ್ನದೇ ಲೋಕಯ್ಯನವರೇ" ಎಂದರು ಡಾಕ್ಟರ್ ಎಡ್ವಿನ್. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಕೋಪ ಮಾಡಲಿಲ್ಲ.

"ಬೆರಳು ಬರ್ತದಾ ಡಾಕ್ಟ್ರೇ?" ಎಂದೆ.

"ವಯಸ್ಸು ಎಷ್ಟು ನಿಮಗೆ?"

"ಐವತ್ತು."

"ನೋಡುವ. ನರ ಬೆಳೆದರೆ ತಿಂಗಳಿಗೆ ಒಂದು ಇಂಚು. ಈ ವಯಸ್ಸಿಗೆ ತುಂಬ ಆಸೆ ಇಟ್ಟುಕೊಳ್ಬೇಡಿ."

೧೧-೧೨-೫೯

ಮಂಗಳಾದೇವಿಗೆ ಹೋಗಿ ಕೈ ಮುಗಿಯಲು ನೋಡಿದೆ. ಬಲಗೈ ಎಲ್ಲಿ ಸೇರಿತೆಂದು ನೋಡಿಯೇ ತಿಳಿಯಬೇಕು. ಹರಕೆ ಹೇಳಿದೆ. ಅಮ್ಮ, ಈ ಕೈ ನಿನಗೆ. ನನಗೆ ಬೇಡ. ಎಳೆದ ಕೈ ಇದು, ಇಟ್ಟುಕೊ. ಆ ಹುಡುಗನದ್ದು ಬಿಟ್ಟುಕೊಡು.

ಸರಿಯಾದ ವ್ಯಾಪಾರ ಎನಿಸಿತು. ಮನಸ್ಸು ಹಗುರವಾಯಿತು.

೨೪-೧-೧೯೬೦, ಭಾನುವಾರ

ಭಾನುವಾರ ಬಂದರೆ ಇವರದ್ದು ಪರೀಕ್ಷೆ. ನನ್ನ ಕಣ್ಣಿಗೆ ಟವೆಲು ಕಟ್ಟಿ ಸೂಜಿಯ ತುದಿ ಮುಟ್ಟಿಸುತ್ತಾರೆ. "ಈಗ?" "ಇಲ್ಲ." "ಈಗ?" "ಇಲ್ಲ." ಡಾಕ್ಟರ್ ಇನ್ನೊಂದು ಹೇಳಿಕೊಟ್ಟಿದ್ದಾರೆ — ಗಾಯದಿಂದ ಮುಂದಕ್ಕೆ ಬೆರಳಲ್ಲಿ ತಟ್ಟುತ್ತ ಹೋಗಬೇಕು, ಜುಮ್ಮೆಂದ ಜಾಗದವರೆಗೆ ನರ ಬಂದಿದೆ ಎಂದು ಲೆಕ್ಕ.

ಇವತ್ತು ಅಂಗೈಯ ನಡುವೆ ತಟ್ಟಿದಾಗ ಜುಮ್ಮೆಂದಿತು. ಇವರು ಟೇಪು ಹಿಡಿದು ಅಳೆದರು. ಗಾಯದಿಂದ ಎರಡು ಇಂಚು. ಸೀಮೆಸುಣ್ಣದಲ್ಲಿ ಅಂಗೈಗೆ ಗೆರೆ ಹಾಕಿ, "ಡಾಕ್ಟರ ಹೊಲಿಗೆ ಪರವಾಗಿಲ್ಲ ಮಾರಾಯ್ತಿ" ಎಂದು ಕುಣಿದದ್ದೇ ಕುಣಿದದ್ದು.

ನನಗೆ ಹೆದರಿಕೆಯಾಯಿತು. ದೇವಿಗೆ ಕೊಟ್ಟದ್ದು ಯಾಕೆ ತಿರುಗಿ ಬರುತ್ತಿದೆ?

೧೮-೨-೬೦

ಹಬೀಬಾಳನ್ನು ಒಪ್ಪಿಸಿ ಸಮದನನ್ನು ಡಾಕ್ಟರ್ ಎಡ್ವಿನ್ ಹತ್ತಿರ ಕರೆದುಕೊಂಡು ಹೋದೆ. ಆರು ತಿಂಗಳು. ಎರಡು ಹಲ್ಲು. ಡಾಕ್ಟರು ಗಿಲಕಿ ಆಡಿಸಿದರು, ಬಲಗೈ ಬಂತು. ಬಲಗೈ ಹಿಡಿದಿಟ್ಟು ಆಡಿಸಿದರು. ಮಗು ಬಾಯಿ ಮುಂದೆ ತಂದಿತು. ಎಡಗೈ ಬರಲಿಲ್ಲ.

"ಹೆರಿಗೆ ಹೇಗಾಯ್ತು?"

ಹಬೀಬಾ ಪಕ್ಕದಲ್ಲೇ ಇದ್ದಳು. "ಮಾಮೂಲು" ಎಂದೆ. ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಅವರಿಗೆ ಗೊತ್ತಾಗಿದೆ. ವೈದ್ಯರಲ್ಲವೇ. ಮತ್ತೆ ಕೇಳಲಿಲ್ಲ. ಕೈಯನ್ನು ದಿನಾ ಮಡಚಿ ಬಿಡಿಸಿ, ಕೀಲು ಗಟ್ಟಿಯಾಗದ ಹಾಗೆ ನೋಡಿಕೊಳ್ಳಿ ಎಂದರು. ಆಗ್ತದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಸ್ಸಿನಲ್ಲಿ ಹಬೀಬಾ ಹೇಳಿದಳು. "ಆ ಅಲೀಮಮ್ಮನನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ ಹೇಮಕ್ಕ."

೧-೫-೬೦

ಜುಮ್ಮೆನ್ನುವುದು ಬೆರಳುಗಳ ಬುಡಕ್ಕೆ ಬಂದಿದೆ. ನಾಲ್ಕು ಇಂಚು ದಾಟಿತು.

ನನ್ನ ಕೈ ಬರುತ್ತಿದೆ ಎಂದು ಹಬೀಬಾಳಿಗೆ ಹೇಳಿಲ್ಲ. ಅವಳ ಮನೆಗೆ ಹೋಗುವಾಗ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತೇನೆ. ಚಾ ಲೋಟ ಎಡಗೈಯಲ್ಲೇ ತೆಗೆದುಕೊಳ್ಳುತ್ತೇನೆ. ಮುಸಲ್ಮಾನರ ಮನೆಯಲ್ಲಿ ಎಡಗೈಯಲ್ಲಿ ಕುಡಿಯುವುದು ಸರಿಯಲ್ಲ ಎಂದು ನನಗೆ ಗೊತ್ತಿದೆ. ಅವರೂ ನೋಡಿ ನೋಡದಂತೆ ಇರುತ್ತಾರೆ. "ಪಾಪ, ನಿಮ್ಮದೂ ಹಾಗೇ ಆಯ್ತು" ಎನ್ನುತ್ತಾಳೆ ಖತೀಜಮ್ಮ. ಆ ಪಾಪವನ್ನು ಕೇಳಿಕೊಂಡು ಬರುತ್ತೇನೆ.

೨೮-೮-೬೦

ತೋರುಬೆರಳ ತುದಿ. ಸೂಜಿ ಚುಚ್ಚಿತು. ಅಮ್ಮಾ ಎಂದು ಕೂಗಿದೆ. ಇವರು ಟವೆಲು ಬಿಚ್ಚಿದರೆ ನಾನು ಅಳುತ್ತಿದ್ದೆ. ಸಂತೋಷಕ್ಕೆ ಎಂದುಕೊಂಡರು, ತಲೆ ಸವರಿದರು.

ನಡುಬೆರಳು ಇನ್ನೂ ಮಂಕು. ಆದರೆ ಬಟ್ಟೆಯಲ್ಲಿ ಹತ್ತಿ ಯಾವುದು ರೇಷ್ಮೆ ಯಾವುದು ಎಂದು ಹೇಳಬಲ್ಲೆ. ಪೆನ್ನು ಈಗ ಬಲಗೈಯಲ್ಲಿದೆ.

ಸಮದನಿಗೆ ವರ್ಷ ತುಂಬಿತು. ಆ ಕೈ ಹಾಗೇ.

೩-೯-೬೦

ಡಾಕ್ಟರ್ ಎಡ್ವಿನ್ ನನ್ನ ಕೈಯನ್ನು ಕಾಲೇಜಿನ ಹುಡುಗರಿಗೆ ತೋರಿಸಿದರು. ಅವರು ಹೋದ ಮೇಲೆ ಕೇಳಿಬಿಟ್ಟೆ.

"ನನಗೆ ಐವತ್ತೊಂದು ಡಾಕ್ಟ್ರೇ. ಅವನಿಗೆ ಒಂದು. ನನ್ನದು ಬಂತು. ಅವನದ್ದು ಯಾಕೆ ಬರಲಿಲ್ಲ?"

ಬಾಗಿಲು ಮುಂದೆ ಮಾಡಿ ಕೂತರು. ತುಂಬ ಹೊತ್ತು ವಿವರಿಸಿದರು. ನನಗೆ ತಿಳಿದಷ್ಟು ಬರೆಯುತ್ತೇನೆ. ನರ ಎಂದರೆ ಎಳೆ ಅಷ್ಟೇ. ಅದರ ಜೀವ ಇರುವುದು ಬೆನ್ನುಹುರಿಯ ಹತ್ತಿರದ ಕಣದಲ್ಲಿ. ಎಳೆ ತುಂಡಾದರೂ ಕಣ ಬದುಕಿದ್ದರೆ ಹೊಸ ಎಳೆ ಬಿಡುತ್ತದೆ. ನನ್ನದು ಹಾಗಾಯಿತು. ದೊಡ್ಡವರ ಕಣ ಒಂಟಿಯಾಗಿ ಬದುಕಲು ಕಲಿತಿರುತ್ತದೆ. ಆಗಷ್ಟೇ ಹುಟ್ಟಿದ ಮಗುವಿನ ಕಣಕ್ಕೆ ಆ ಶಕ್ತಿ ಇಲ್ಲ. ಎಳೆಯ ಆಚೆ ತುದಿಯಿಂದಲೇ ಅದಕ್ಕೆ ಆಹಾರ ಸಿಗುವ ಹಾಗೆ ಏನೋ ಇದೆ. ಎಳೆ ಹರಿದರೆ ಕಣವೇ ಸಾಯುತ್ತದೆ. ಅದರಲ್ಲೂ ಕಣದ ಹತ್ತಿರವೇ ಹರಿದರೆ. ಸತ್ತ ಕಣ ಮತ್ತೆ ಹುಟ್ಟುವುದಿಲ್ಲ.

"ಇದನ್ನು ನೋಡಿದ್ದು ಇಲಿಮರಿಗಳಲ್ಲಿ. ಮನುಷ್ಯರಲ್ಲೂ ಹೀಗೇ ಅಂತ ಖಂಡಿತವಾಗಿ ಹೇಳ್ಲಿಕ್ಕೆ ನನಗಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ನರ ಬರೀ ಜಗ್ಗಿರ್ತದೆ, ಅಂಥದ್ದು ಸರಿ ಆಗ್ತದೆ. ಇವನದ್ದು ಹರಿದಿದೆ."

"ಎಳೆಯದಕ್ಕೆ ಬೇಗ ವಾಸಿ ಅಂತ..."

"ಚರ್ಮಕ್ಕೆ, ಮೂಳೆಗೆ ಹೌದು. ಎರಡೆಲೆಯ ಬದನೆ ಸಸಿ ನೋಡಿದ್ದೀರಲ್ಲ? ದೊಡ್ಡ ಗಿಡದ ಕೊಂಬೆ ಕಡಿದರೆ ಚಿಗುರ್ತದೆ. ಸಸಿಯನ್ನು ಚಿವುಟಿದರೆ ಹೋಯ್ತು."

ಎದ್ದು ಬಾಗಿಲ ಹತ್ತಿರ ಹೋದಾಗ ಕರೆದರು. "ಹೇಮಾಕ್ಷಿಯಮ್ಮ, ಎಳೆಯದೆ ಇದ್ದಿದ್ದರೆ ಮಗು ಉಳೀತಿತ್ತಾ?"

"ಇಲ್ಲ."

"ಮತ್ತೆ?"

"ಮೊದಲೇ ಆಸ್ಪತ್ರೆಗೆ ಕಳಿಸಿದ್ದರೆ ಎಳೆಯುವುದೇ ಬೇಕಿರಲಿಲ್ಲ."

ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಹೇಳಬೇಕಾದವರಿಗಲ್ಲ.

೪-೯-೬೦

ಹಾಗಾದರೆ ನಾನು ಕಾಯುತ್ತ ಕೂತದ್ದು ಯಾವುದಕ್ಕೆ? ಆ ಕೈ ಆಡಿದ ದಿನ ಹೇಳುತ್ತೇನೆ ಎಂದಿದ್ದೆ. ಆ ದಿನವೇ ಇಲ್ಲ.

೧೪-೧-೧೯೬೧

ನಾಲ್ಕು ತಿಂಗಳು ಬರೆಯಲಿಲ್ಲ. ಕುದ್ರೋಳಿಗೆ ಹೋಗಲೂ ಇಲ್ಲ. ಮುನಿಸಿಪಾಲಿಟಿಯವರು ಹೆರಿಗೆಗೆ ಮತ್ತೆ ಬನ್ನಿ ಎಂದರು. ಕೈ ಇನ್ನೂ ಸರಿಯಿಲ್ಲ ಎಂದು ಸುಳ್ಳು ಹೇಳಿ ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವ ಕೆಲಸ ತೆಗೆದುಕೊಂಡೆ.

ಇವತ್ತು ಹಬೀಬಾ ಹೇಳಿ ಕಳಿಸಿದಳು. ಓಡಿದೆ. ಅವಳು ನೆಲದ ಒಲೆಯಲ್ಲಿ ಪತ್ತಿರಿ — ಅಕ್ಕಿರೊಟ್ಟಿ — ಸುಡುತ್ತಿದ್ದಳಂತೆ. ಸಮದ್ ಅವಳ ಪಕ್ಕದಲ್ಲೇ ಒಲೆಯ ಕಡೆ ವಾಲಿ ನಿಂತು ಸೆರಗು ಹಿಡಿದುಕೊಂಡಿದ್ದ. ಅಳಲಿಲ್ಲ, ಕೂಗಲಿಲ್ಲ. ಏನೋ ಸುಟ್ಟ ವಾಸನೆ ಬಂತು, ಪತ್ತಿರಿ ಕರಟಿತು ಎಂದು ತಿರುವಿಹಾಕಿದಳು. ತಿರುಗಿ ನೋಡಿದರೆ ಅವನ ಎಡಗೈ ಕಾವಲಿಯ ಅಂಚಿಗೆ ತಾಗಿಕೊಂಡಿದೆ. ಮಗು ನಗುತ್ತಿದೆ.

ಬೊಬ್ಬೆ ಎದ್ದ ನಾಲ್ಕು ಬೆರಳು. ಮುಲಾಮು ಹಚ್ಚಿದೆ. ನನ್ನ ಬೆರಳಿಗೆ ಆ ಬೊಬ್ಬೆಯ ಬಿಸಿ ತಿಳಿಯಿತು, ಒಳಗಿನ ನೀರು ತಿಳಿಯಿತು, ಎಲ್ಲ ತಿಳಿಯಿತು. ಅವನು ಇನ್ನೊಂದು ಕೈಯಲ್ಲಿ ನನ್ನ ಮೂಗು ಹಿಡಿದು ಆಡುತ್ತಿದ್ದ.

ಹಬೀಬಾ ನನ್ನ ಬಲಗೈಯನ್ನೇ ನೋಡುತ್ತಿದ್ದಳು.

"ನಿಮ್ಮ ಕೈ ಬಂತಾ ಹೇಮಕ್ಕ?"

"ಬಂತು."

"ಒಳ್ಳೆಯದಾಯ್ತು" ಎಂದಳು. ನಿಜವಾಗಿ ಸಂತೋಷಪಟ್ಟಳು. ಅದನ್ನು ತಡೆಯಲಾಗಲಿಲ್ಲ ನನಗೆ.

೫-೩-೬೧

ಪೆರ್ನಾಳ್ ಹಬ್ಬಕ್ಕೆ ಸಮದನಿಗೆ ಅಂಗಿ. ಅಯ್ಯೂಬ್ ಮಗುವನ್ನು ಎತ್ತಿಕೊಂಡು ಇವರ ಅಂಗಡಿಗೆ ಬಂದಿದ್ದನಂತೆ. ಮನೆಗೆ ಬಂದ ಮೇಲೆ ಇವರ ಗಲಾಟೆ ಇಲ್ಲ, ತಮಾಷೆ ಇಲ್ಲ. ಊಟ ಮಾಡಿ ಕೈ ತೊಳೆದು ಹೇಳಿದರು.

"ಆ ಹುಡುಗನ ಎಡ ತೋಳು ಒಂದು ಇಂಚು ಗಿಡ್ಡ ಉಂಟು ಹೇಮಾ. ಎರಡು ಸಲ ಅಳತೆ ತೆಗೆದೆ. ಟೇಪು ಸರಿಯೇ ಉಂಟು."

ಊಟದ ತಟ್ಟೆ ಎತ್ತಿಕೊಂಡೆ.

"ಅಲೀಮಮ್ಮ ಒಂದು ಸಲ ಎಳೆದದ್ದಕ್ಕೆ ಹೀಗೆಲ್ಲ ಆಗ್ತದಾ?"

ಮೂವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ. ನನ್ನ ಮುಖ ನೋಡಿದರು. ಆಮೇಲೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅಂಗಿಯ ಎಡ ತೋಳನ್ನು ಗಿಡ್ಡ ಕತ್ತರಿಸುವುದೋ, ಎರಡೂ ಸಮ ಕತ್ತರಿಸಿ ಮಡಚುವುದೋ ಎಂದು ಕೇಳಿದರು. ಸಮ ಕತ್ತರಿಸಿ ಎಂದೆ. ಇಲ್ಲ, ಬೆರಳು ಮುಚ್ಚಿಹೋಗ್ತದೆ, ಮಗುವಿಗೆ ತೊಂದರೆ ಎಂದರು. ಗಿಡ್ಡವೇ ಕತ್ತರಿಸಿದರು.

೨೧-೩-೬೧, ಸಂಜೆ

ಹಬ್ಬ ಕಳೆಯಲಿ ಎಂದು ಕಾದು, ಆಮೇಲೂ ಮೂರು ದಿನ ತಡೆದೆ. ಇವತ್ತು ಹೋದೆ. ಇವರು ಬರುತ್ತೇನೆ ಎಂದರು, ಬೇಡ ಎಂದೆ.

ಅಯ್ಯೂಬ್, ಹಬೀಬಾ, ಖತೀಜಮ್ಮ ಮೂವರೂ ಇದ್ದರು. ಕೂರಲಿಲ್ಲ. ನಿಂತೇ ಹೇಳಿದೆ. ಹೆಗಲು ಸಿಕ್ಕಿದ್ದು, ಎಳೆದದ್ದು, ಸುತ್ತಿ ಮುಚ್ಚಿದ್ದು, ಅಲೀಮಮ್ಮನ ಮೇಲೆ ಹಾಕಿದ್ದು. ಆ ಕೈ ಇನ್ನು ಬರುವುದಿಲ್ಲ ಎಂಬುದನ್ನೂ. ಬಿಟ್ಟದ್ದು ಏನೂ ಇಲ್ಲ.

ಖತೀಜಮ್ಮ ತಲೆಯ ಬಟ್ಟೆ ಮುಖಕ್ಕೆ ಎಳೆದುಕೊಂಡಳು. ಅಯ್ಯೂಬ್ ಗೋಡೆಗೆ ಒರಗಿದ. ಹಬೀಬಾ ಮಾತ್ರ ಮಾತಾಡಿದಳು, ದನಿ ಏರಿಸದೆ.

"ಹೇಮಕ್ಕ, ಆ ದಿನ ಬೆಳಿಗ್ಗೆ ಇವರು ಕಾರು ತರಿಸ್ತೇನೆ ಅಂದದ್ದು ನಿಮಗೆ ನೆನಪುಂಟಾ?"

"ಉಂಟು."

"ನನಗೂ ಉಂಟು. ನಾನೇ ಇವರಿಗೆ ಹೇಳಿದ್ದು, ಹೇಮಕ್ಕ ಇದ್ದರೆ ಸಾಕು ಅಂತ."

ಹೊಡೆದಿದ್ದರೆ ಒಳ್ಳೆಯದಿತ್ತು.

ಅಯ್ಯೂಬ್ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹೋಗಬೇಡಿ, ಇಲ್ಲೇ ಇರಿ ಎಂದ ನನಗೆ. ಕಾಲು ಗಂಟೆಯಲ್ಲಿ ಅಲೀಮಮ್ಮನನ್ನು ಕರೆದುಕೊಂಡು ಬಂದ. ದಾರಿಯಲ್ಲೇ ಹೇಳಿರಬೇಕು. ಬಾಗಿಲಲ್ಲಿ ನಿಂತಳು. ಒಂದೂವರೆ ವರ್ಷದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಾಳೆ. ಖತೀಜಮ್ಮ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು, ಅತ್ತಳು. ಅಲೀಮಮ್ಮ ಅಳಲಿಲ್ಲ. ಬಟ್ಟಲು ಉಂಟಾ ಎಂದು ಕೇಳಿದಳು. ಹಬೀಬಾ ಅದರಲ್ಲೇ ಎಣ್ಣೆ ಬಿಸಿ ಮಾಡಿ ತಂದಳು.

ಅಲೀಮಮ್ಮ ನನ್ನ ಎದುರು ಬಂದು ಕೂತಳು.

"ಯಾವ ಕೈಯಲ್ಲಿ ಎಳೆದದ್ದು ನರ್ಸಮ್ಮ?"

ಬಲಗೈ ಚಾಚಿದೆ. ಗಾಯದ ಕಲೆ ನೋಡಿದಳು, ಬೆರಳಿಂದ ಸವರಿದಳು. ಬೀಡಿ ಎಲೆಯಿಂದ ಒರಟಾದ ಬೆರಳು. ಎಣ್ಣೆ ಹೊಯ್ದಳು.

"ಬಿಸಿ ಗೊತ್ತಾಗ್ತದಾ?"

"ಗೊತ್ತಾಗ್ತದೆ."

ಹೂಂ ಎಂದಳು. ಆಮೇಲೆ ಕಾಲು ನೀಡಿ ಸಮದನನ್ನು ಕರೆದಳು. ಹೊಸ ಅಂಗಿಯಲ್ಲೇ ಓಡಿ ಬಂದ. ಕಾಲಿನ ಮೇಲೆ ಮಲಗಿಸಿಕೊಂಡಳು. ಅಷ್ಟು ಉದ್ದದ ಹುಡುಗ, ಕಾಲು ನೆಲಕ್ಕೆ ತಾಗುತ್ತಿತ್ತು. ಗಿಡ್ಡ ತೋಳನ್ನು ಮೇಲೆ ಸರಿಸಿ ಆ ಅಂಗೈಗೆ ಅದೇ ಎಣ್ಣೆ ಹೊಯ್ದಳು. ಒಂದೊಂದೇ ಬೆರಳು ಹಿಡಿದು ನೀವಿದಳು.

"ಬಿಸಿ ಉಂಟಾ ಮೋನೆ?"

ಅವನು ತನ್ನ ಕೈ ನೋಡಲಿಲ್ಲ. ಅವಳ ಮುಖ ನೋಡಿದ, ಏನು ಹೇಳಬೇಕೆಂದು ಹುಡುಕುವವನಂತೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಹೇಳಿದ್ದನ್ನೇ ನಕ್ಕು ತೊದಲಿದ: "ಗೊತ್ತಾಗ್ತದೆ."